‘ಇಲ್ಲ’ ಎನ್ನುವ ಮುನ್ನ

ಹತ್ತು ವರ್ಷದ ಹಿಂದೆ, ತುರುವೇಕೆರೆಯ ಕಡೆಯ ನಮ್ಮ ತೆಂಗಿನ ತೋಟವನ್ನು ಪಾಲುಮಾಡುವಾಗ ಹಿರಿಯರು ವಂಶವೃಕ್ಷ ಬರೆಸಿದರು. ತಾತ, ಅವರ ಮೂವರು ಗಂಡುಮಕ್ಕಳು, ಮೊಮ್ಮಕ್ಕಳು. ತಿಪಟೂರಿಗೆ ಮದುವೆಯಾಗಿ ಹೋಗಿದ್ದ ಸೋದರತ್ತೆಯ ಹೆಸರು ಅದರಲ್ಲಿರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಈಚೆಗೆ ಗಣಕಯಂತ್ರದ ತರ್ಕವನ್ನು ಕುರಿತು ಓದುತ್ತಿದ್ದಾಗ ಆ ಕಾಗದ ನೆನಪಾಯಿತು. ದಾಖಲೆಗಳನ್ನು ಪಟ್ಟಿಗಳಾಗಿ ಜೋಡಿಸಿ ಪ್ರಶ್ನಿಸುವ ಕ್ರಮವೊಂದನ್ನು 1970ರಲ್ಲಿ ಎಡ್ಗರ್ ಕಾಡ್ ಎಂಬುವರು ರೂಪಿಸಿದರು. ಅದರಲ್ಲಿ ‘ಇವನ ತಂದೆ ಯಾರು?’, ‘ತಂದೆಯ ತಂದೆ ಯಾರು?’ ಎಂದು ಕೇಳಬಹುದು, ‘ಪೂರ್ವಿಕರೆಲ್ಲ ಯಾರು?’ ಎಂದು ಕೇಳಲಾಗದು. ತಲೆಮಾರಿಗೊಂದು ಮೊಳ ಪ್ರಶ್ನೆಯನ್ನು ಉದ್ದಮಾಡುತ್ತ ಹೋದರೂ ಅದರಾಚೆ ಇನ್ನೊಂದು ತಲೆಮಾರು ಉಳಿದಿರಬಹುದು. ಈ ಕೊರತೆಯನ್ನು 1979ರಲ್ಲಿ ಏಹೊ ಮತ್ತು ಉಲ್ಮನ್ ಎಂಬ ವಿದ್ವಾಂಸರು ಸಾಧಿಸಿ ತೋರಿಸಿದರು.

ಡೇಟಾಲಾಗ್ ಎಂಬ ನಿಯಮಗಳ ಭಾಷೆಗೆ ಇದಕ್ಕೆ ಎರಡೇ ಮಾತು ಸಾಕು: ಹೆತ್ತವರು ಪೂರ್ವಿಕರು, ಪೂರ್ವಿಕರನ್ನು ಹೆತ್ತವರೂ ಪೂರ್ವಿಕರು. ಎರಡನೆಯ ನಿಯಮ ತನ್ನನ್ನೇ ಮತ್ತೆ ಕರೆಯುತ್ತದೆ. ಪಟ್ಟಿಯ ಹೆಸರುಗಳಿಗೆ ಕೊನೆಯಿರುವುದರಿಂದ ಹುಡುಕಾಟವೂ ಕೊನೆಗೊಳ್ಳುತ್ತದೆ.

ಈ ಭಾಷೆಯ ಶುದ್ಧರೂಪದಲ್ಲಿ ‘ಇಲ್ಲ’ ಎಂಬ ಮಾತೇ ಇಲ್ಲ. ಹೊಸ ಸಂಗತಿ ಎಷ್ಟು ಸೇರಿದರೂ ಹಳೆಯ ಉತ್ತರ ಸುಳ್ಳಾಗದು. ಉತ್ತರಗಳು ಹೆಚ್ಚಬಹುದು, ಅಷ್ಟೆ. ಆದರೆ ‘ಹೆಣ್ಣುಮಕ್ಕಳಿಲ್ಲದವರು ಯಾರು?’ ಎಂದು ಕೇಳಬೇಕಾದರೆ ‘ಇಲ್ಲ’ವನ್ನು ತರಲೇಬೇಕು. ಆಗ ಸಾಮಾನ್ಯವಾಗಿ ಒಂದು ನಂಬಿಕೆಯೂ ಜತೆಗೆ ಬರುತ್ತದೆ: ಪಟ್ಟಿಯಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ. ರೈಲಿನ ವೇಳಾಪಟ್ಟಿಗೆ ಇದು ಸಲ್ಲುತ್ತದೆ. ಮನೆತನಕ್ಕೆ ಸಲ್ಲುತ್ತದೆಯೆ?

ಯಂತ್ರವನ್ನು ದೂರುವಂತಿಲ್ಲ; ಪಟ್ಟಿ ಕೊಟ್ಟವರು ನಾವು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕೆಂದು 2005ರಲ್ಲಿ ಹಿಂದೂ ಉತ್ತರಾಧಿಕಾರದ ಕಾನೂನನ್ನು ತಿದ್ದಲಾಯಿತು. ‘ಮಗಳಿಗೆ ಪಾಲುಂಟು’ ಎಂಬುದು ನಿಯಮ; ‘ಇವಳು ಮಗಳು’ ಎಂಬುದು ಸಂಗತಿ. ಸಂಗತಿಯನ್ನು ಬರೆಯದೆ ಬಿಟ್ಟರೆ ಎಂಥ ಸಮರ್ಥ ನಿಯಮಕ್ಕೂ ಹಿಡಿಯಲು ಏನೂ ಸಿಗದು.

ಹಾಗೆಂದು ‘ಇಲ್ಲ’ವೆನ್ನದೆ ಲೋಕವ್ಯವಹಾರ ನಡೆದೀತೆ? ನಡೆಯದು. ಎಂದಾದರೊಂದು ದಿನ ಪಟ್ಟಿಯನ್ನು ಮುಗಿಸಲೇಬೇಕು. ಆದರೆ ‘ಉಂಟು’ ಮತ್ತು ‘ಇಲ್ಲ’ಗಳ ಭಾರ ಒಂದೇ ಅಲ್ಲ. ಕೊಬ್ಬರಿಗೆಂದು ಅಟ್ಟದಲ್ಲಿಟ್ಟ ಕಾಯಿಗಳಲ್ಲಿ ಕೆಟ್ಟದ್ದು ಉಂಟೆನ್ನಲು ಒಂದನ್ನು ಒಡೆದು ತೋರಿಸಿದರೆ ಸಾಕು. ಇಲ್ಲವೆನ್ನಲು ಅಟ್ಟವನ್ನೆಲ್ಲ ನೋಡಬೇಕು. ‘ಇಲ್ಲ’ವೆನ್ನುವವನ ಮೇಲೆ ಹುಡುಕಿ ನೋಡಿದ ಹೊಣೆಯಿದೆ. ನಾವು ಹುಡುಕಬೇಕಾಗಿಯೂ ಇರಲಿಲ್ಲ, ತಿಳಿದೂ ಬಿಟ್ಟಿದ್ದೆವು.

ಅತ್ತೆ ಈಗಲೂ ಯುಗಾದಿಗೆ ಬರುತ್ತಾರೆ. ತೋಟದ ಎಳನೀರು ಕುಡಿದು, ಮಕ್ಕಳನ್ನೆಲ್ಲ ಮಾತನಾಡಿಸಿ ಹೋಗುತ್ತಾರೆ. ಪಾಲಿನ ಮಾತೆತ್ತಿಲ್ಲ. ಅವರು ಕೇಳದಿದ್ದುದನ್ನು, ಅವರಿಗೆ ಬೇಕಿಲ್ಲವೆಂದು ನಾವು ಓದಿಕೊಂಡಿದ್ದೇವೆ. ಅದೂ ಅದೇ ತರ್ಕ. ಮುಂದಿನ ಯುಗಾದಿಗೆ ಅವರನ್ನು ನಾನೇ ಕೇಳಬೇಕು.