ಕಾಣದ ಹಿಮ, ಕಂಡ ಮಂಜು

ಕಣ್ಣಾರೆ ಕಾಣದುದನ್ನು ಚಿತ್ರಿಸುವುದು ಸತ್ಯಕ್ಕೆ ಅಪಚಾರವಾಗುವುದೇ? ಮಂಡ್ಯದ ಸೀಮೆಯ ಕೆರಗೋಡಿನಂತಹ ಊರಿನಲ್ಲಿ ಇದು ಬರಿಯ ಶುಷ್ಕತರ್ಕವಲ್ಲ. ಅಲ್ಲಿ ಹಿಮ ಬೀಳುವುದಿಲ್ಲ. ಕಬ್ಬು ಬತ್ತಗಳ ನಡುವೆ ಬೆಳೆದ ಬಾಲಕನೊಬ್ಬನು ಅಭ್ಯಾಸಕ್ಕಾಗಿ ಹಿಮ ಕವಿದ ಬೆಟ್ಟವನ್ನು ಬರೆಯಲು ಕುಳಿತರೆ, ಆತನ ಮುಂದಿರುವುದು ಬೆಟ್ಟವಲ್ಲ, ಮತ್ತೊಬ್ಬನು ಬರೆದ ಚಿತ್ರ.

ನೈಯಾಯಿಕರು ಪ್ರತ್ಯಕ್ಷವನ್ನು ಮೊದಲು ಎಣಿಸಿದರೂ ಆಪ್ತವಾಕ್ಯವನ್ನು ತಳ್ಳಿಹಾಕಲಿಲ್ಲ. ಕಂಡವನು ಬರೆದ ಚಿತ್ರವು ಕಾಣದವನಿಗೆ ಆಪ್ತವಾಕ್ಯವೇ ಸರಿ. ಮರಳಿನ ಮೇಲೆ ಗುರುವು ಬರೆದ ಅಕ್ಷರವನ್ನು ತಿದ್ದುವ ಮಗುವನ್ನು ಯಾರೂ ಕಳ್ಳನೆನ್ನುವುದಿಲ್ಲವಷ್ಟೆ.

ತನ್ನೂರ ಮರವನ್ನೇ ಮೊದಲು ಬರೆಯಬಾರದೇ ಎಂದು ಕೇಳಬಹುದು. ಬರೆಯಬಹುದು, ಆದರೆ ಪರಿಚಿತವಾದುದನ್ನು ಕಣ್ಣು ನೋಡುವ ಮೊದಲೇ ಮನಸ್ಸು ತೀರ್ಮಾನಿಸಿಬಿಡುತ್ತದೆ: ಎಲೆ ಹಸಿರು, ನೆರಳು ಕಪ್ಪು. ಹಿಮವು ಈ ಅವಸರವನ್ನು ತಡೆಯುತ್ತದೆ. ಜಲವರ್ಣದಲ್ಲಿ ಹಿಮಕ್ಕೆ ಸಾಮಾನ್ಯವಾಗಿ ಬಣ್ಣ ಹಚ್ಚುವುದಿಲ್ಲ. ಕಾಗದದ ಬಿಳುಪನ್ನೇ ಉಳಿಸಿ, ಸುತ್ತಣ ನೆರಳನ್ನು ಬರೆಯುವರು. ಆ ನೆರಳೂ ಕಪ್ಪಲ್ಲ. ತಿಳಿಯಾದ ದಿನದಲ್ಲಿ ಆಕಾಶದ ಬೆಳಕನ್ನು ಹೊತ್ತು ನೀಲಿಯಾಗಿರುವುದು. ಒಮ್ಮೆ ಕುಂಚ ಸೋಕಿದ ಬಿಳುಪು ಮೊದಲಿನಂತೆ ಮರಳುವುದು ದುರ್ಲಭ. ಆದಕಾರಣ ಕೈಯನ್ನು ಎಲ್ಲಿ ತಡೆಯಬೇಕೆಂಬ ಸಂಯಮವೇ ಇಲ್ಲಿಯ ಮೊದಲ ಪಾಠ.

ಹಾಗಾದರೆ ದೋಷವೆಲ್ಲಿ? ಪರರ ಕೃತಿಯನ್ನು ನಕಲು ಮಾಡಿ ತನ್ನದೆಂದು ಹೆಸರು ಹಾಕಿದರೆ ಅದು ಅಸತ್ಯ. ಇದನ್ನು ಎಲ್ಲರೂ ಬಲ್ಲರು. ಇನ್ನೊಂದು ದೋಷ ಸೂಕ್ಷ್ಮವಾದುದು. ಹಿಮವೇ ಸೌಂದರ್ಯ, ತನ್ನೂರ ಗದ್ದೆ ಬಯಲು ಚಿತ್ರಕ್ಕೆ ತಕ್ಕುದಲ್ಲ ಎಂದು ಬಗೆಯುವುದು ತನ್ನ ಕಣ್ಣಿಗೇ ಮಾಡಿದ ದ್ರೋಹ.

ಮೈಸೂರಿನ ಪ್ರಸಿದ್ಧ ಚಿತ್ರಕಾರರಾದ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರು. ಆದರೆ ಗುರುವಿನ ರೀತಿಯಲ್ಲಿಯೇ ನಿಂತುಬಿಡಲಿಲ್ಲ. ಮುಂದೆ ಉದಕಮಂಡಲದ ಬೆಟ್ಟಗಳನ್ನೂ ಮಂಜನ್ನೂ ಎದುರಿಗೆ ಕಂಡು ಜಲವರ್ಣದಲ್ಲಿ ಬರೆದರು. ಪರರಿಂದ ಕೈ ಪಳಗಬಹುದು. ಕಣ್ಣು ಮಾತ್ರ ಸ್ವಂತದ್ದಾಗಿರಬೇಕು.

ಧನುರ್ಮಾಸದ ಬೆಳಗಿನ ಜಾವದಲ್ಲಿ ಕೆರಗೋಡಿನ ಗದ್ದೆಗಳ ಮೇಲೂ ಮಂಜು ಇಳಿಯುತ್ತದೆ. ಕಬ್ಬಿನ ಗರಿಗಳು ಅರ್ಧ ತೋರಿ ಅರ್ಧ ಮರೆಯಾಗುತ್ತವೆ. ಹಿಮದ ಚಿತ್ರವನ್ನು ತಿದ್ದಿ ಕಲಿತ ಬಾಲಕನು ಆ ಹೊತ್ತಿನಲ್ಲಿ ಬದುವಿನ ಮೇಲೆ ಕುಳಿತು, ಎಷ್ಟು ಬರೆಯಬೇಕು, ಎಷ್ಟನ್ನು ಬಿಡಬೇಕು ಎಂದು ತಾನೇ ನಿರ್ಣಯಿಸಿದನಾದರೆ, ಆಪ್ತವಾಕ್ಯವು ಪ್ರತ್ಯಕ್ಷದಲ್ಲಿ ಫಲಿಸಿದಂತಾಯಿತು. ಕಾಣದ ಹಿಮದಿಂದ ಪಡೆದ ಸಾಲವು ಕಂಡ ಮಂಜಿನಲ್ಲಿ ತೀರಿತು.