ನೋವಿಗೆ ಗುಳಿಗೆ ಕೊಟ್ಟ ಮೇಲೆ

ವಾಡಿ, ಶಹಾಬಾದ್, ಚಿತ್ತಾಪುರದ ಮೆಡಿಕಲ್ ಅಂಗಡಿಗಳ ಮುಂದೆ ಸಂಜೆಯ ಹೊತ್ತು ನಿಂತರೆ ಒಂದೇ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: “ಟೊಂಕ ಭಾಳ ನೂಸ್ತದ ಅಣ್ಣಾ, ಎರಡು ಗುಳಿಗಿ ಕೊಡ್ರಿ.” ಕೇಳುವವರು ಫರ್ಸಿ ಕಲ್ಲಿನ ಗಣಿಯಿಂದ ಬಂದವರು, 50 ಕಿಲೋದ ಸಿಮೆಂಟ್ ಚೀಲ ಹೊತ್ತು ಬಂದವರು, ತೊಗರಿ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ತೆಗೆದ ತಾಯಂದಿರು. ಅಂಗಡಿಯವರು ಕತ್ತರಿಯಿಂದ ಪಟ್ಟಿಯ ತುದಿ ಕತ್ತರಿಸಿ ಎರಡು ಗುಳಿಗೆ ಕೊಡುತ್ತಾರೆ. ಆ ತುಂಡಿನ ಮೇಲೆ ಎಷ್ಟೋ ಸಲ ಔಷಧದ ಹೆಸರೂ ಪೂರ್ತಿ ಇರುವುದಿಲ್ಲ, ಅವಧಿ ಮುಗಿಯುವ ತಾರೀಖೂ ಇರುವುದಿಲ್ಲ. ರಾತ್ರಿ ನಿದ್ದೆ ಬರುತ್ತದೆ, ಬೆಳಗಾದರೆ ಮತ್ತೆ ಅದೇ ಕೆಲಸ, ಸಂಜೆ ಮತ್ತೆ ಅದೇ ಅಂಗಡಿ.

ಇದರಲ್ಲಿ ತಪ್ಪೇನಿದೆ ಎಂದು ಯಾರಾದರೂ ಕೇಳಬಹುದು. ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಇದಕ್ಕೆ ಥಟ್ಟನೆ ಬರುವ ಉತ್ತರವೊಂದಿದೆ. ನೋವು ದೇವರು ಕೊಟ್ಟದ್ದು, ಪ್ರಭು ಯೇಸು ಶಿಲುಬೆ ಹೊತ್ತರು, ನಾವೂ ಸಹಿಸಿಕೊಳ್ಳಬೇಕು ಎಂಬ ಉತ್ತರ. ಹೆಚ್ಚಾಗಿ ಇದನ್ನು ಹೇಳುವವರು ಗಂಡಸರು, ಕೇಳಿಸಿಕೊಳ್ಳುವವರು ಮನೆಯ ಹೆಂಗಸರು ಎಂಬುದನ್ನೂ ಗಮನಿಸಬೇಕು. ಧರ್ಮಸಭೆಯ ಬೋಧನೆ ಹೀಗಿಲ್ಲ. ನೋವು ಶಮನಗೊಳಿಸುವ ಬಗ್ಗೆ ಅರಿವಳಿಕೆ ವೈದ್ಯರು ಕೇಳಿದ ಪ್ರಶ್ನೆಗಳಿಗೆ ಜಗದ್ಗುರು ಹನ್ನೆರಡನೆಯ ಭಕ್ತಿನಾಥರು, ಅಂದರೆ ಪೋಪ್ ಪಯಸ್, 1957ರ ಫೆಬ್ರವರಿ 24ರಂದು ಉತ್ತರ ಕೊಟ್ಟರು. ನೋವನ್ನು ಹಾಗೆಯೇ ಅನುಭವಿಸಲೇಬೇಕೆಂಬ ಕಟ್ಟಳೆ ವಿಶ್ವಾಸಿಗಿಲ್ಲ, ಔಷಧದಿಂದ ಅದನ್ನು ತಗ್ಗಿಸಿಕೊಳ್ಳಬಹುದು ಎಂಬುದು ಅವರ ಉತ್ತರದ ಸಾರ. ಸ್ವಂತ ಇಚ್ಛೆಯಿಂದ ನೋವನ್ನು ದೇವರಿಗೆ ಅರ್ಪಿಸುವವರು ಅರ್ಪಿಸಲಿ. ಇನ್ನೊಬ್ಬರ ನೋವನ್ನು ಅರ್ಪಿಸುವ ಅಧಿಕಾರ ನಮಗೆ ಯಾರು ಕೊಟ್ಟರು?

ಸಂತ ಮಾರ್ಕನ ಶುಭಸಂದೇಶದಲ್ಲಿ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಯೇಸುವಿಗೆ ಕೊಡಹೋದಾಗ ಅವರು ಸ್ವೀಕರಿಸಲಿಲ್ಲ ಎಂದು ಇದೆ. ಅದು ಅವರ ತೀರ್ಮಾನ. ಅವರ ಬಳಿಗೆ ಬಂದ ರೋಗಿಗಳಲ್ಲಿ ಒಬ್ಬರಿಗಾದರೂ “ಹೋಗು, ಸಹಿಸಿಕೋ” ಎಂದು ಹೇಳಿ ಕಳುಹಿಸಿದ್ದು ಶುಭಸಂದೇಶದಲ್ಲಿ ಇಲ್ಲ.

ಹಾಗಾದರೆ ಗುಳಿಗೆ ನುಂಗುವುದು ಪಾಪವಲ್ಲ. ಪ್ರಶ್ನೆ ಇರುವುದು ಗುಳಿಗೆಯ ನಂತರ. ಲೂಕನ ಶುಭಸಂದೇಶದ ಸಮಾರಿಯದವನನ್ನು ನೆನಪಿಸಿಕೊಳ್ಳೋಣ. ಆತ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಚ್ಚಿ ಕಟ್ಟಿದ. ಉರಿ ತಗ್ಗಿರಬೇಕು. ಅಲ್ಲಿಗೇ ನಿಲ್ಲಿಸಿ ತನ್ನ ದಾರಿ ಹಿಡಿದಿದ್ದರೂ ಯಾರೂ ಆತನನ್ನು ದೂರುತ್ತಿರಲಿಲ್ಲ. ಆದರೆ ಗಾಯಾಳುವನ್ನು ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಕರೆತಂದ, ರಾತ್ರಿ ನೋಡಿಕೊಂಡ, ಮರುದಿನ ಹಣ ಕೊಟ್ಟು, ಮತ್ತೆ ಬರುತ್ತೇನೆ ಎಂದ. ಜಗದ್ಗುರು ಎರಡನೆಯ ಜಾನ್ ಪೌಲರು ಮಾನವನ ನೋವಿನ ಬಗ್ಗೆ 1984ರಲ್ಲಿ ಬರೆದ ಪತ್ರದಲ್ಲಿ ಒಂದು ಅಧ್ಯಾಯವನ್ನೇ ಈ ಸಮಾರಿಯದವನಿಗೆ ಮೀಸಲಿಟ್ಟಿದ್ದಾರೆ. ನಮ್ಮಲ್ಲಿ ಎಣ್ಣೆ ಹಚ್ಚುವವರಿಗೆ ಕೊರತೆಯಿಲ್ಲ, ಛತ್ರದವರೆಗೆ ಬರುವವರು ಕಡಿಮೆ.

ನೋವು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕುಷ್ಠರೋಗವೇ ಸಾಕ್ಷಿ. ಜೆಸ್ವಿತ್ ಗುರು ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದ ಕಾಲದಲ್ಲಿ, ಈ ರೋಗವೇ ಬೆರಳುಗಳನ್ನು ತಿನ್ನುತ್ತದೆ ಎಂದು ಜನ ನಂಬಿದ್ದರು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪೌಲ್ ಬ್ರಾಂಡ್ ಅವರು ತೋರಿಸಿಕೊಟ್ಟದ್ದು ಬೇರೆ. ರೋಗ ನರಗಳನ್ನು ಕೊಲ್ಲುತ್ತದೆ, ನೋವು ತಿಳಿಯದಂತಾಗುತ್ತದೆ, ರೋಗಿ ಬಿಸಿ ಪಾತ್ರೆಯನ್ನು ಹಿಡಿದೇ ಇರುತ್ತಾನೆ, ಹೊಕ್ಕ ಮುಳ್ಳಿನ ಮೇಲೆಯೇ ನಡೆಯುತ್ತಾನೆ, ಹಾಗಾಗಿ ಕೈಕಾಲು ಸವೆಯುತ್ತವೆ. ಮೈಯ ಈ ಕಾವಲುಗಾರನನ್ನು ನಾವು ದಿನವೂ ಎರಡೆರಡು ಗುಳಿಗೆಯಿಂದ ಮಲಗಿಸುತ್ತಿದ್ದೇವೆ.

ಗುಳಿಗೆಗಳ ವಿಷಯವನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಪ್ಯಾರಾಸಿಟಮಾಲ್ ಅಳತೆಯಲ್ಲಿದ್ದರೆ ಸಾಕಷ್ಟು ಸುರಕ್ಷಿತ. ವಯಸ್ಕರಿಗೆ 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು. 500ರದ್ದಾದರೆ ಎಂಟು, 650ರದ್ದಾದರೆ ಆರು, ನಡುವೆ ಕನಿಷ್ಠ ನಾಲ್ಕು ಗಂಟೆಯ ಅಂತರ. ದಿನವೂ ಕುಡಿಯುವವರಿಗೆ, ಬಡಕಲು ಮೈಯವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಅಷ್ಟೂ ಹೆಚ್ಚೇ. ನೆಗಡಿಯ ಗುಳಿಗೆಯಲ್ಲೂ ಇದೇ ಪ್ಯಾರಾಸಿಟಮಾಲ್ ಅಡಗಿರುತ್ತದೆ. ಎರಡನ್ನೂ ನುಂಗಿದರೆ ಲೆಕ್ಕ ತಪ್ಪುತ್ತದೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಬೇರೆ ಜಾತಿಯವು. ಇವು ಊತ ಇಳಿಸುತ್ತವೆ, ಆದರೆ ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲವು, ರಕ್ತದೊತ್ತಡ ಏರಿಸಬಲ್ಲವು, ಹೃದಯಕ್ಕೂ ಒಳ್ಳೆಯವಲ್ಲ. ಎರಡು ಔಷಧ ಸೇರಿದ ಗುಳಿಗೆ ಎಂದರೆ ಜನರಿಗೆ ಹೆಚ್ಚು ನಂಬಿಕೆ. ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಇಂಥ 156 ಮಿಶ್ರಣಗಳನ್ನು ನಿಷೇಧಿಸಿತು. ಅಸೆಕ್ಲೋಫೆನಾಕ್ 50 ಮಿಲಿಗ್ರಾಂ ಜೊತೆ ಪ್ಯಾರಾಸಿಟಮಾಲ್ 125 ಮಿಲಿಗ್ರಾಂ ಸೇರಿದ ಗುಳಿಗೆಯೂ ಆ ಪಟ್ಟಿಯಲ್ಲಿತ್ತು.

ನಮ್ಮ ಭಾಗದವರು ವಿಶೇಷವಾಗಿ ತಿಳಿಯಬೇಕಾದ ಸಂಗತಿ ಮೂತ್ರಪಿಂಡದ್ದು. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ಹರಿಯುವ ದಾರಿಯನ್ನು ದೇಹ ತಾನೇ ಒಂದು ರಸದ ಸಹಾಯದಿಂದ ತೆರೆದಿಡುತ್ತದೆ. ಡೈಕ್ಲೋಫೆನಾಕ್ ಜಾತಿಯ ಔಷಧಗಳು ತಡೆಯುವುದು ಅದೇ ರಸವನ್ನು. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿನಲ್ಲಿ, ಕಾದ ಕಲ್ಲಿನ ನಡುವೆ ದಿನವಿಡೀ ಬೆವರು ಸುರಿಸಿ, ಸಾಕಷ್ಟು ನೀರೂ ಕುಡಿಯದೆ, ಸಂಜೆ ಖಾಲಿ ಹೊಟ್ಟೆಯಲ್ಲಿ ಈ ಗುಳಿಗೆ ನುಂಗುವವನ ಮೂತ್ರಪಿಂಡ ಎಷ್ಟು ವರ್ಷ ತಾಳೀತು? ಐದು ತಿಂಗಳು ದಾಟಿದ ಬಸುರಿಯರು ವೈದ್ಯರು ಹೇಳದೆ ಇವನ್ನು ಮುಟ್ಟಬಾರದು. ಡೆಂಗಿ ಇರಬಹುದೆಂಬ ಜ್ವರದಲ್ಲೂ ಇವು ಬೇಡ, ರಕ್ತಸ್ರಾವದ ಭಯವಿದೆ. ತಲೆನೋವಿಗೆಂದು ತಿಂಗಳಲ್ಲಿ 15 ದಿನ, ಅದಕ್ಕೂ ಹೆಚ್ಚು ದಿನ ಗುಳಿಗೆ ನುಂಗುತ್ತಾ ಹೋದರೆ ಗುಳಿಗೆಯೇ ತಲೆನೋವು ತರಿಸುತ್ತದೆ. ಇನ್ನು “ಒಂದು ಸೂಜಿ ಮಾಡಿಬಿಡ್ರಿ” ಎಂದು ನಾವೇ ಒತ್ತಾಯಿಸಿ ಚುಚ್ಚಿಸಿಕೊಳ್ಳುವ ಇಂಜೆಕ್ಷನ್‌ನಲ್ಲಿ ಸ್ಟೆರಾಯ್ಡ್ ಇದೆಯೇ ಎಂದು ಕೇಳುವವರೇ ಇಲ್ಲ.

ಕಾರಣ ಹುಡುಕುವುದೆಂದರೆ ಯಾವಾಗಲೂ ದೊಡ್ಡ ಆಸ್ಪತ್ರೆ, ಸ್ಕ್ಯಾನಿಂಗ್ ಎಂದೇನಿಲ್ಲ. ಕೆಲವೊಮ್ಮೆ ಕಾರಣ ಮನೆಯ ಕೊಡದಲ್ಲೇ ಇರುತ್ತದೆ. ಹಳೆಯ ಗುಲ್ಬರ್ಗಾ ಜಿಲ್ಲೆಯ ಕೆಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಗಿಂತ ಹೆಚ್ಚಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಲ್ಲಿ 1.5ರವರೆಗೆ ಎಂಬುದು ನಮ್ಮ ದೇಶದ ಮಾನಕ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದವರಿಗೆ ಮೊದಲು ಕೀಲುಗಳಲ್ಲಿ ನೋವು, ಆಮೇಲೆ ಬೆನ್ನು ಬಿಗಿತ, ಕೊನೆಗೆ ಬಗ್ಗಿ ನೆಲ ಮುಟ್ಟಲಾಗದ ಸ್ಥಿತಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಒಂದೇ ಓಣಿಯಲ್ಲಿ ಹಲವರಿಗೆ ಹೀಗಿದ್ದರೆ, ಮಕ್ಕಳ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದರೆ, ಮೆಡಿಕಲ್‌ಗೆ ಹೋಗುವ ಬದಲು ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕೊಡುವಂತೆ ಗ್ರಾಮ ಪಂಚಾಯಿತಿಯನ್ನು ಕೇಳಬೇಕು. ಸಂಜೆ ಜ್ವರ, ತೂಕ ಇಳಿತ, ಜೊತೆಗೆ ವಾರಗಟ್ಟಲೆ ಬಿಡದ ಬೆನ್ನುನೋವು ಇದ್ದರೆ ಬೆನ್ನುಮೂಳೆಯ ಕ್ಷಯವಿರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. ಬೆವರಿನ ಜೊತೆ ಎದೆ, ದವಡೆ, ಎಡಗೈ ನೋಯುತ್ತಿದ್ದರೆ ಗ್ಯಾಸ್ ಎಂದು ಕೂರಬಾರದು, ಆ ಗಳಿಗೆಯೇ ಹೊರಡಬೇಕು. ಕಾಲು ಮರಗಟ್ಟಿದರೆ, ಮೂತ್ರ ಹಿಡಿತ ತಪ್ಪಿದರೆ, ಮಲ ಕಪ್ಪಾದರೆ ಅದೇ ಮಾತು.

ಇದನ್ನೆಲ್ಲ ಹೇಳುವುದು ಸುಲಭ. ಚಿಂಚೋಳಿ ಕಡೆಯ ತಾಂಡಾದಿಂದಲೋ ಸೇಡಂ ಕಡೆಯ ಹಳ್ಳಿಯಿಂದಲೋ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವರದ್ದೂ ಹೋಯಿತು. ದೊಡ್ಡ ಚಿಕಿತ್ಸೆಗೆ ಆಯುಷ್ಮಾನ್ ಕಾರ್ಡ್ ನೆರವಾದೀತು, ಹೋದ ಕೂಲಿಯನ್ನು ಯಾವ ಕಾರ್ಡೂ ತುಂಬುವುದಿಲ್ಲ. ಗುಳಿಗೆ ನುಂಗುವವನಿಗೆ ತನ್ನ ನೋವಿನ ಕಾರಣ ಬೇಡವೆಂದಲ್ಲ, ಆ ಕಾರಣವನ್ನು ಕೇಳುವಷ್ಟು ಬಿಡುವು ಅವನಿಗಿಲ್ಲ. ಕೆಲಸಗಾರ ಎರಡು ಗುಳಿಗೆಯಿಂದ ನಾಳೆ ಮತ್ತೆ ಎದ್ದು ಬಂದರೆ ಗುತ್ತಿಗೆದಾರನಿಗೆ ಅನುಕೂಲ. ತಾಯಿ ಎರಡು ಗುಳಿಗೆಯಿಂದ ಮತ್ತೆ ಒಲೆಯ ಮುಂದೆ ಕುಳಿತರೆ ನಮಗೂ ಅನುಕೂಲ. ಆಕೆ ಎಷ್ಟು ತಿಂಗಳಿನಿಂದ ನುಂಗುತ್ತಿದ್ದಾಳೆ ಎಂದು ಮಗ ಕೇಳಿದ್ದಾನೆಯೇ? ಸಂತ ವಿನ್ಸೆಂಟ್ ದೆ ಪೌಲರ ಸಭೆ ಇರುವ ಧರ್ಮಕೇಂದ್ರಗಳಲ್ಲಿ ಅಕ್ಕಿ, ಬಟ್ಟೆ ಕೊಡುವ ಜೊತೆಗೆ ತಿಂಗಳಿಗೊಬ್ಬರನ್ನು ಆಸ್ಪತ್ರೆಗೆ ಕರೆದೊಯ್ದು, ಆ ದಿನದ ಕೂಲಿಯನ್ನೂ ಕೈಗಿಟ್ಟರೆ ಅದೇನು ದೊಡ್ಡ ಖರ್ಚಲ್ಲ.

ಕಾರಣ ತಿಳಿದೂ ಅದನ್ನು ತೆಗೆಯಲಾಗದ ನೋವೂ ಇದೆ. ಕ್ಯಾನ್ಸರ್ ಮುಂದುವರಿದವರ ಮನೆಯಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಟೊಂಕ ನೋವಿಗೆ ಕೇಳದೆಯೇ ಗುಳಿಗೆ ಕೊಟ್ಟವರು ಇಲ್ಲಿ ಮಾರ್ಫಿನ್ ಎಂದರೆ ಹೆದರುತ್ತಾರೆ. ಚಟವಾದೀತು, ಬೇಗ ಸತ್ತಾರು, ಪಾಪ ಬಂದೀತು ಎಂಬ ಭಯ. ಸಾವನ್ನು ಬಯಸದೆ, ನೋವು ತಗ್ಗಿಸಲೆಂದೇ ಕೊಡುವ ಔಷಧದಿಂದ ಒಂದು ವೇಳೆ ಆಯುಸ್ಸು ಕಡಿಮೆಯಾದರೂ ಅದು ಧರ್ಮಕ್ಕೆ ವಿರುದ್ಧವಲ್ಲ ಎಂದು 1957ರ ಆ ಉತ್ತರದಲ್ಲೇ ಇದೆ, ಧರ್ಮಸಭೆಯ ಧರ್ಮೋಪದೇಶವೂ 2279ನೆಯ ಪರಿಚ್ಛೇದದಲ್ಲಿ ಅದನ್ನೇ ಹೇಳುತ್ತದೆ. ವೈದ್ಯರ ಅಳತೆಯಲ್ಲಿ ಕೊಟ್ಟರೆ ಬೇಗ ಸಾಯುತ್ತಾರೆಂಬ ಭಯಕ್ಕೂ ಹೆಚ್ಚು ಆಧಾರವಿಲ್ಲ. ದೇಶದಲ್ಲಿ ಮಾರ್ಫಿನ್ ಸಿಗುವುದನ್ನು ಕಷ್ಟವಾಗಿಸಿದ್ದ ಕಾನೂನನ್ನು 2014ರಲ್ಲಿ ಸಡಿಲಿಸಲಾಯಿತು. ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವಿದೆ, ಅಲ್ಲಿ ವಿಚಾರಿಸಬಹುದು. ಸಾಮಾನ್ಯ ಮಾರ್ಫಿನ್ ಗುಳಿಗೆಯನ್ನು ನಾಲ್ಕು ಗಂಟೆಗೊಮ್ಮೆ, ಗಡಿಯಾರ ನೋಡಿ ಕೊಡುತ್ತಾರೆ, ನೋವು ಮರಳಿ ಬಂದು ರೋಗಿ ನರಳುವವರೆಗೆ ಕಾಯುವುದಿಲ್ಲ. ಮಲಬದ್ಧತೆ ಆಗುವುದರಿಂದ ಅದಕ್ಕೂ ಮೊದಲ ದಿನದಿಂದಲೇ ಔಷಧ ಕೇಳಿ ಪಡೆಯಬೇಕು.