ಮುಂದೂಡಲಾಗದ ಒಂಬತ್ತು ತಿಂಗಳು

ವಿಪತ್ತು ಎದುರಾದಾಗ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮುಂದಕ್ಕೆ ಹಾಕಬೇಕು ಎಂದು ಸಮಾಜ ನಿರ್ಧರಿಸಲೇಬೇಕಾಗುತ್ತದೆ. ಮನೆಗೆ ಬೆಂಕಿ ಬಿದ್ದಾಗ ಯಾರೂ ಅಂಗಳ ಗುಡಿಸುತ್ತಾ ನಿಲ್ಲುವುದಿಲ್ಲ. ಆದರೆ ನಾವು ಮುಂದಕ್ಕೆ ಹಾಕಿದ್ದು ನಿಜವಾಗಿಯೂ ಕಾಯಬಲ್ಲದ್ದೇ? ಇಲ್ಲವೇ ಕೂಗಿ ಕೇಳಲಾರದವರ ಅಗತ್ಯವಾದ ಕಾರಣಕ್ಕೆ ಅದು ಹಿಂದೆ ಉಳಿಯಿತೇ? ಕೋವಿಡ್ ಕಾಲ ನಮ್ಮ ಮುಂದಿಟ್ಟ ನೈತಿಕ ಪ್ರಶ್ನೆಗಳಲ್ಲಿ ಇದೂ ಒಂದು. ಆ ಜಾಗತಿಕ ತುರ್ತುಪರಿಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಸಾರಿತು. ಪ್ರಶ್ನೆ ಮಾತ್ರ ಉಳಿದಿದೆ. ಹಳ್ಳಿಯ ಗರ್ಭಿಣಿಯ ಪಾಡನ್ನು ನೆನೆದರೆ ಅದರ ತೀವ್ರತೆ ತಿಳಿಯುತ್ತದೆ.

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಯಾಯಿತು. ಕರ್ನಾಟಕದಲ್ಲಿ ಸಾರಿಗೆ ಬಸ್ಸುಗಳು ಮತ್ತೆ ರಸ್ತೆಗಿಳಿದದ್ದು ಮೇ 19ರಂದು. ನಡುವೆ ಕಳೆದದ್ದು ಸುಮಾರು ಎಂಟು ವಾರ, ಅಂದರೆ ನಲವತ್ತು ವಾರಗಳ ಗರ್ಭಾವಸ್ಥೆಯ ಐದನೆಯ ಒಂದು ಪಾಲು. ನಮ್ಮ ದೇಶದ ನಿಯಮದಂತೆ ಗರ್ಭಿಣಿಗೆ ಕನಿಷ್ಠ ನಾಲ್ಕು ತಪಾಸಣೆಗಳಾಗಬೇಕು. ಮೂರನೆಯದಕ್ಕೆ ಗೊತ್ತುಪಡಿಸಿದ ಅವಧಿ 28ರಿಂದ 34ನೇ ವಾರ. 27ನೇ ವಾರದಲ್ಲಿ ಲಾಕ್‌ಡೌನ್‌ಗೆ ಸಿಲುಕಿ, ಬಸ್ಸನ್ನೇ ನಂಬಿದ್ದ ತಾಯಿಗೆ ಆ ಅವಧಿ ಬಹುಪಾಲು ಹಾಗೆಯೇ ಕಳೆದುಹೋಯಿತು. ಹೆರಿಗೆ ನೋವು ಬಂದರೆ 108 ವಾಹನವನ್ನು ಕರೆಯಬಹುದಿತ್ತು. ಆದರೆ ನೋವಿಲ್ಲದೆ, ಕೇವಲ ತಪಾಸಣೆಗಾಗಿ ಹೋಗಬೇಕಾದವಳಿಗೆ ಬಸ್ಸೇ ಗತಿ. ಅಂಗನವಾಡಿಗಳೂ ಮುಚ್ಚಿದ್ದರಿಂದ ಮಾತೃಪೂರ್ಣ ಯೋಜನೆಯ ಬಿಸಿಯೂಟದ ಬದಲು ದಿನಸಿಯನ್ನು ಮನೆಗೆ ಕೊಡಲಾಯಿತು. ದುಡಿಮೆಯಿಲ್ಲದೆ ಮನೆಮಂದಿಯೆಲ್ಲ ಹಸಿದಿರುವಾಗ ಅದು ಗರ್ಭಿಣಿಯ ತಟ್ಟೆಗೇ ಸೇರಿತೆಂದು ಯಾರು ಹೇಳಬಲ್ಲರು?

ಒಂದು ತಪಾಸಣೆ ತಪ್ಪಿದರೆ ಏನಾದೀತು ಎಂದು ಕೆಲವರು ಕೇಳಬಹುದು. ಗರ್ಭಿಣಿಯ ರಕ್ತದೊತ್ತಡ ಏರುತ್ತಿದ್ದರೂ ಅನೇಕ ವೇಳೆ ಆಕೆಗೆ ಏನೂ ಅನಿಸುವುದಿಲ್ಲ. ಅದನ್ನು ಅಳೆದು, ಮೂತ್ರವನ್ನು ಪರೀಕ್ಷಿಸಿದರಷ್ಟೇ ಅಪಾಯ ತಿಳಿಯುತ್ತದೆ. ತಿಳಿಯದೆ ಹೋದರೆ ಫಿಟ್ಸ್ ಬಂದು ತಾಯಿ-ಮಗು ಇಬ್ಬರ ಪ್ರಾಣಕ್ಕೂ ಸಂಚಕಾರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತಹೀನರು. ಇಂಥವರ ಪಾಲಿಗೆ ಹೆರಿಗೆಯ ಸಮಯದ ರಕ್ತಸ್ರಾವ ಮಾರಣಾಂತಿಕವಾಗಬಲ್ಲದು. ಮಂಡಿನೋವಿನ ಶಸ್ತ್ರಚಿಕಿತ್ಸೆ ಆರು ತಿಂಗಳು ಕಾಯಬಹುದು, ಗರ್ಭ ಕಾಯುವುದಿಲ್ಲ.

ಅಂದಿನ ಭಯ ಅರ್ಥಹೀನವಾಗಿತ್ತೆಂದು ನಾನು ಹೇಳಲಾರೆ. ಸೋಂಕು ತಗುಲಿದ ಗರ್ಭಿಣಿಗೆ ಅಪಾಯ ಹೆಚ್ಚೆಂಬುದು ಆಮೇಲೆ ದೃಢಪಟ್ಟಿತು. ಆಕೆಯನ್ನು ಆಸ್ಪತ್ರೆಯ ಜನಸಂದಣಿಗೆ ತರುವುದಕ್ಕೆ ಹಿಂಜರಿದವರು ಕ್ರೂರಿಗಳಲ್ಲ. ಆದರೆ ತಾಯಿ ಬರಲಾಗದಿದ್ದರೆ ಆರೈಕೆಯೇ ಆಕೆಯ ಬಳಿಗೆ ಹೋಗಬೇಕಲ್ಲವೇ? ಭಯ ನ್ಯಾಯವಾದುದೇ ಆಗಿದ್ದರೂ ಅದು ಕರ್ತವ್ಯದ ದಾರಿಯನ್ನು ಬದಲಿಸೀತೇ ಹೊರತು ಕರ್ತವ್ಯವನ್ನೇ ಅಳಿಸಿಹಾಕದು.

ಈ ಪಾಠವನ್ನು ಜಗತ್ತು ಮೊದಲೇ ಕಂಡಿತ್ತು. 2014-15ರಲ್ಲಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ದೇಶದಲ್ಲಿ ಎಬೋಲಾ ಹಬ್ಬಿದಾಗ ಗರ್ಭಿಣಿಯರು ಆರೋಗ್ಯ ಕೇಂದ್ರಗಳಿಂದ ದೂರ ಉಳಿದರು. ಆರೈಕೆ ಕುಸಿದುದರಿಂದ ತಾಯಂದಿರು, ನವಜಾತ ಶಿಶುಗಳು ಹಾಗೂ ಹುಟ್ಟುವ ಮೊದಲೇ ಮಡಿದ ಕೂಸುಗಳು ಸೇರಿ ಸುಮಾರು 3,600 ಹೆಚ್ಚುವರಿ ಸಾವುಗಳು ಸಂಭವಿಸಿದವೆಂದು ಸಂಶೋಧಕರು 2017ರಲ್ಲಿ ಅಂದಾಜು ಮಾಡಿದರು. ಎಬೋಲಾ ರೋಗವೇ ಆ ದೇಶದಲ್ಲಿ ಬಲಿ ತೆಗೆದುಕೊಂಡದ್ದು ನಾಲ್ಕು ಸಾವಿರದಷ್ಟು ಜನರನ್ನು. ರೋಗದಿಂದ ಸತ್ತವರ ಲೆಕ್ಕ ದಿನವೂ ಪ್ರಕಟವಾಗುತ್ತದೆ. ಅಲಕ್ಷ್ಯದಿಂದ ಸತ್ತವರ ಲೆಕ್ಕಕ್ಕೆ ವರ್ಷಗಳು ಬೇಕಾಗುತ್ತವೆ.

ಸಂತ ಲೂಕರ ಶುಭಸಂದೇಶದಲ್ಲಿ ಗರ್ಭಿಣಿಯಾಗಿದ್ದ ಎಲಿಜಬೇತಳನ್ನು ಕಾಣಲು ಮಾತೆ ಮರಿಯಮ್ಮನವರು ಬೆಟ್ಟಗುಡ್ಡಗಳ ನಾಡಿಗೆ ಅವಸರದಿಂದ ಹೋದರು, ಸುಮಾರು ಮೂರು ತಿಂಗಳು ಅಲ್ಲಿ ಉಳಿದರು. ಕೋವಿಡ್ ಕಾಲದಲ್ಲಿ ಆ ನಡಿಗೆಯನ್ನು ನಡೆದವರು ಬಹುಮಟ್ಟಿಗೆ ನಮ್ಮ ಆಶಾ ಕಾರ್ಯಕರ್ತೆಯರು. ಸೋಂಕಿನ ಸಮೀಕ್ಷೆಯ ಹೊರೆ ಹೊತ್ತೂ ಅವರು ಗರ್ಭಿಣಿಯರ ಮನೆಬಾಗಿಲಿಗೆ ಹೋದರು. ಅದೇ ಕಾರ್ಯಕರ್ತೆಯರು 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕಾಗಿ ಮತ್ತು ಸುರಕ್ಷಾ ಸಾಮಗ್ರಿಗಾಗಿ ಕರ್ನಾಟಕದಲ್ಲಿ ಮುಷ್ಕರ ಹೂಡಬೇಕಾಯಿತು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿತು. ಚಪ್ಪಾಳೆ ಒಳ್ಳೆಯದು, ಅದು ನ್ಯಾಯಕ್ಕೆ ಬದಲಿಯಾಗಲಾರದು.

ಪ್ರಿಯ ಓದುಗರೇ, ತಾಯಿಯ ಉದರದಲ್ಲಿರುವ ಜೀವ ಪವಿತ್ರವೆಂದು ಧರ್ಮಸಭೆ ಬೋಧಿಸುತ್ತದೆ. ಭ್ರೂಣಹತ್ಯೆಯನ್ನು ನಾವು ದೃಢವಾಗಿ ಖಂಡಿಸುತ್ತೇವೆ. ಆದರೆ ಆ ಜೀವಕ್ಕೆ ತಾಯಿಯ ಮೂಲಕವಲ್ಲದೆ ಬೇರೆ ಆಸರೆಯಿಲ್ಲ. ಆಕೆಗೆ ಸಿಗದ ಕಬ್ಬಿಣಾಂಶದ ಮಾತ್ರೆ, ಅಳೆಯದೆ ಉಳಿದ ರಕ್ತದೊತ್ತಡ, ಬಾರದ ವಾಹನ ಇವುಗಳ ಬಗ್ಗೆ ಮೌನವಾಗಿದ್ದು ಜೀವಪರರೆಂದು ಹೇಳಿಕೊಳ್ಳುವುದು ಅರ್ಧ ಸತ್ಯ. ಮಾಡಬಾರದ್ದನ್ನು ಮಾಡುವುದಷ್ಟೇ ಅಲ್ಲ, ಮಾಡಬೇಕಾದುದನ್ನು ಮಾಡದಿರುವುದೂ ಪಾಪವೆಂದು ಬಲಿಪೂಜೆಯ ಆರಂಭದಲ್ಲಿ ನಿವೇದಿಸಿಕೊಳ್ಳುವವರು ನಾವು.

ಮುಂದಿನ ವಿಪತ್ತು ಯಾವ ರೂಪದಲ್ಲಿ ಬರುವುದೋ ತಿಳಿಯದು. ಮಳೆಗಾಲದಲ್ಲಿ ಸೇತುವೆ ಕೊಚ್ಚಿಹೋದರೂ ಸಾಕು, ಹಳ್ಳಿಯ ತಾಯಿಗೆ ಅದೇ ಲಾಕ್‌ಡೌನ್. ಆ ದಿನಕ್ಕೆ ಮುಂಚೆ ನಮ್ಮ ನಮ್ಮ ಊರಿನಲ್ಲಿ ಗರ್ಭಿಣಿಯರು ಯಾರು, ಅವರ ತಾಯಿ ಕಾರ್ಡಿನಲ್ಲಿ ಬರೆಯದೆ ಉಳಿದ ತಪಾಸಣೆ ಯಾವುದು, ಅವರನ್ನು ಕರೆದೊಯ್ಯಲು ಯಾರ ಮನೆಯ ವಾಹನ ಸಿದ್ಧವಿದೆ ಎಂಬುದನ್ನು ತಿಳಿದಿರೋಣ. ಅವರು ಯಾವ ಜಾತಿ, ಯಾವ ಮತದವರು ಎಂಬುದನ್ನು ಕೇಳುವ ಅಗತ್ಯವಿಲ್ಲ.